ಹಾಯಿ ಹೊಲಿಯಲು ಹೋದ ಚಿಕ್ಕಮ್ಮ

ನಲವತ್ತು ದಾಟುವವರೆಗೂ ನಮ್ಮ ಚಿಕ್ಕಮ್ಮ ಸಮುದ್ರವನ್ನು ಕ್ಯಾಲೆಂಡರಿನಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವರಲ್ಲ. ಅವರಿಗೆ ಗೊತ್ತಿದ್ದದ್ದು ದಪ್ಪ ಬಟ್ಟೆ. ಲಾರಿಗೆ ಹೊದಿಸುವ ಟಾರ್ಪಾಲು, ಮದುವೆ ಮನೆಯ ಶಾಮಿಯಾನ, ಅಂಗಡಿಯ ಮುಂದೆ ಇಳಿಬಿಡುವ ಬಿಸಿಲುಪರದೆ ಇವೆಲ್ಲವನ್ನೂ ಚಿಕ್ಕಪ್ಪ ಅಳತೆ ಹಾಕಿ ಕತ್ತರಿಸುವುದು, ಚಿಕ್ಕಮ್ಮ ಹೊಲಿಯುವುದು. ಮದುವೆಯಾಗಿ ಬಂದ ಹೊಸದರಲ್ಲೇ ಮೋಟಾರು ಮೆಷಿನ್ನಿನ ಮುಂದೆ ಕೂತವರು. "ಮೂರು ಮಡಿಕೆ ಟಾರ್ಪಾಲನ್ನೂ ರವಿಕೆ ಬಟ್ಟೆ ಥರ ಹೊಲೀತಾಳೆ" ಎಂದು ಅತ್ತೆಯಿಂದ, ಅಂದರೆ ನಮ್ಮ ಅಜ್ಜಿಯಿಂದ, ಹೊಗಳಿಸಿಕೊಂಡವರು. ಅಜ್ಜಿಯ ಬಾಯಿಂದ ಹೊಗಳಿಕೆ ಹೊರಡಿಸುವುದೆಂದರೆ ಕಲ್ಲಿನಲ್ಲಿ ನಾರು ತೆಗೆದಂತೆ.

ಆಮೇಲೆ ಪೇಟೆಗೆ ರೆಡಿಮೇಡ್ ಪ್ಲಾಸ್ಟಿಕ್ ಟಾರ್ಪಾಲು ಬಂತು. ಅಂಗಡಿಯಲ್ಲಿ ಮೆಷಿನ್ನಿನ ಸದ್ದು ಕಡಿಮೆಯಾಯಿತು. ಅದೇ ಹೊತ್ತಿಗೆ, ಹೊರದೇಶದ ಬಂದರಿನಲ್ಲಿ ದೋಣಿಗಳಿಗೆ ಹಾಯಿ ಹೊಲಿಯಲು ಕೈ ಪಳಗಿದವರು ಬೇಕಂತೆ ಎಂಬ ಸುದ್ದಿ ಕಿವಿಗೆ ಬಿತ್ತು. ಚಿಕ್ಕಪ್ಪ ಹೋಗುತ್ತಾರೆಂದೇ ನಾವೆಲ್ಲ ಅಂದುಕೊಂಡಿದ್ದೆವು. ಅಜ್ಜಿ ಮಾತ್ರ ತಲೆ ಅಡ್ಡ ಆಡಿಸಿದರು.

"ಇವನಾ? ತಟ್ಟೆ ಹಾಕಿ ಊಟಕ್ಕೆ ಬಾ ಅಂತ ಕರೆಯೋರಿಲ್ಲಾಂದ್ರೆ ಉಪವಾಸ ಮಲಗೋನು. ನೀನೇ ಹೋಗಿ ಬಾರಮ್ಮ. ಹೊಲಿಯೋದು ನೀನು, ಅವನು ಹೋಗಿ ಏನ್ಮಾಡ್ತಾನೆ?"

ಹೀಗೆ ಚಿಕ್ಕಮ್ಮ ಹೊರಟರು.

ಕಂಪನಿಯವರು ಕೊಟ್ಟ ಮನೆ ಒಂದು ಹಳೆಯ ಕಟ್ಟಡದ ನಾಲ್ಕನೇ ಮಹಡಿಯಲ್ಲಿತ್ತು. ಒಂದು ಮಂಚ, ಒಂದು ಮೇಜು, ಒಂದೇ ಕುರ್ಚಿ. ಗೋಡೆಯಲ್ಲಿ ಒಂದು ಮೊಳೆಯೂ ಇಲ್ಲ. ಅಡುಗೆಮನೆಯಲ್ಲಿ ಬೆಂಕಿಯೇ ಕಾಣದ ಕರೀ ಗಾಜಿನ ಒಲೆ. ಉರಿಯುತ್ತಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಲು ಹೋಗಿ ಮೊದಲ ದಿನವೇ ಬೆರಳು ಚುರ್ರೆನಿಸಿಕೊಂಡರು. ಸ್ನಾನದ ಮನೆಯಲ್ಲಿ ಉದ್ದನೆಯ ಬಿಳಿ ತೊಟ್ಟಿ. ಅದನ್ನು ವಿಡಿಯೋ ಕಾಲಿನಲ್ಲಿ ಕಂಡ ಅಜ್ಜಿ, "ಎಮ್ಮೇನೇ ಮಲಗಿಸ್ಬೋದಲ್ಲೇ!" ಎಂದರು.

ಆಮೇಲೆ ಚಿಕ್ಕಮ್ಮ ಕಿಟಕಿ ತೆರೆದರು. ರಸ್ತೆಯ ಆಚೆ, ಕಲ್ಲಿನ ಕಟ್ಟೆಯ ಅಂಚಿಗೆ ತಾಗಿಕೊಂಡೇ ನೀರು. ದೃಷ್ಟಿ ಹಾಯುವಷ್ಟು ದೂರವೂ ನೀರು. ಸಂಜೆಯ ಬೆಳಕಿನಲ್ಲಿ ದೋಣಿಗಳು ಸಾಲಾಗಿ ತಲೆದೂಗುತ್ತಿದ್ದವು. ಪೆಟ್ಟಿಗೆ ಬಿಚ್ಚುವುದನ್ನೂ ಮರೆತು ಕತ್ತಲಾಗುವವರೆಗೆ ಅಲ್ಲೇ ನಿಂತಿದ್ದರಂತೆ.

ಬೆಳಗ್ಗೆ ಎದ್ದು ನೋಡಿದರೆ ಸಮುದ್ರವೇ ಇಲ್ಲ!

ಬರೀ ಕೆಸರು. ನಿನ್ನೆ ತೇಲುತ್ತಿದ್ದ ದೋಣಿಗಳೆಲ್ಲ ಮೈಚೆಲ್ಲಿ ಪಕ್ಕಕ್ಕೆ ವಾಲಿ ಬಿದ್ದಿದ್ದವು. ಚಿಕ್ಕಮ್ಮ ಫೋನು ತೆಗೆದು ಮನೆಗೆ ಹಚ್ಚಿದರು.

"ಅತ್ತೆ, ನೀರು ಖಾಲಿಯಾಗಿದೆ!"

"ಎಲ್ಲಿ, ತೊಟ್ಟೀಲಾ?"

"ಸಮುದ್ರದಲ್ಲಿ!"

ಅಜ್ಜಿಯ ಬಳಿ ಕಾರಣ ಸಿದ್ಧವಿತ್ತು. "ಎಲ್ಲೋ ಒಡ್ಡು ಒಡೆದಿರ್ಬೇಕು. ಮೊದ್ಲು ಇರೋ ಪಾತ್ರೆಗೆಲ್ಲ ನೀರು ತುಂಬಿಸ್ಕೊ. ನಲ್ಲೀನೂ ನಿಂತ್ಬಿಟ್ರೆ ಏನ್ಗತಿ?"

ವಾರಕ್ಕೊಮ್ಮೆ ನಲ್ಲಿಯಲ್ಲಿ ನೀರು ಕಂಡು ಬೆಳೆದವರಿಗೆ ಇದಕ್ಕಿಂತ ಒಳ್ಳೆಯ ಬುದ್ಧಿಮಾತು ಯಾವುದಿದೆ? ಚಿಕ್ಕಮ್ಮ ತಂದಿದ್ದ ಎರಡು ಪಾತ್ರೆ, ಕುಡಿಯುವ ಲೋಟ, ಕಸದ ಡಬ್ಬಿ ಎಲ್ಲವನ್ನೂ ತುಂಬಿಸಿದರು. ಕಡೆಗೆ ಬಿಳಿ ತೊಟ್ಟಿಯ ತಳದ ತೂತಿಗೆ ಬಟ್ಟೆ ತುರುಕಿ ನಲ್ಲಿ ತಿರುಗಿಸಿ, ಮತ್ತೆ ಕಿಟಕಿಗೆ ಬಂದು ಕೆಸರು ನೋಡುತ್ತ ನಿಂತರು. ತೊಟ್ಟಿ ನೆನಪಾದದ್ದು ಯಾರೋ ಬಾಗಿಲು ಬಡಿದಾಗಲೇ.

ಬಾಗಿಲಲ್ಲಿ ಕೆಳಗಿನ ಮನೆಯ ತಾತ. ತಲೆಯ ಮೇಲೆ ನೀರು ತೊಟ್ಟಿಕ್ಕಿದ ಗುರುತು, ಕೈಯಲ್ಲಿ ನೆಲ ಒರೆಸುವ ಕೋಲು. ಬೈಯುತ್ತಾರೆಂದು ಚಿಕ್ಕಮ್ಮ ಕುಗ್ಗಿಹೋದರು. ಇಬ್ಬರ ನಡುವೆ ಇದ್ದದ್ದು ಅರ್ಧಂಬರ್ಧ ಭಾಷೆ, ಉಳಿದರ್ಧ ಕೈಸನ್ನೆ. ಆದರೆ ಚಿಕ್ಕಮ್ಮ ನಮಗೆ ಹೇಳುವಾಗ ಅಲ್ಲಿಯವರೆಲ್ಲ ನಮ್ಮ ಹಾಗೆಯೇ ಮಾತಾಡುತ್ತಾರೆ.

"ಏನಮ್ಮ, ಮನೇಲಿ ಮೀನು ಸಾಕ್ತೀಯಾ?" ಎಂದರಂತೆ ತಾತ.

ಚಿಕ್ಕಮ್ಮ ಕಿಟಕಿಯತ್ತ ಬೆರಳು ತೋರಿಸಿದರು. ತಾತ ಕೆಸರನ್ನು ನೋಡಿದರು, ತುಂಬಿದ ಲೋಟವನ್ನು ನೋಡಿದರು. ಅರ್ಥವಾದ ಕೂಡಲೇ ನಗು ತಡೆಯಲಾಗದೆ ಗೋಡೆ ಹಿಡಿದುಕೊಂಡರು. ಬಂದರಿಗೆ ಬರುವ ಹಡಗುಗಳಿಗೆ ದಾರಿ ತೋರಿಸುವ ಕೆಲಸ ಮಾಡಿ ನಿವೃತ್ತರಾದ ಮನುಷ್ಯ ಅವರು. ಇಬ್ಬರೂ ಸೇರಿ ನೆಲ ಒರೆಸಿದ ಮೇಲೆ, ಇದ್ದ ಒಂದೇ ಕುರ್ಚಿಯನ್ನು ಕಿಟಕಿಯ ಬಳಿ ಎಳೆದು, "ಕೂತ್ಕೊ. ಎಲ್ಲೂ ಹೋಗ್ಬೇಡ. ನೋಡ್ತಾ ಇರು" ಎಂದು ಹೇಳಿ ಹೊರಟುಹೋದರು.

ಚಿಕ್ಕಮ್ಮ ಕೂತರು. ಮಧ್ಯಾಹ್ನದ ಹೊತ್ತಿಗೆ ದೂರದಲ್ಲಿ ಒಂದು ಬೆಳ್ಳಿ ಗೆರೆ ಕಂಡಿತು. ಗೆರೆ ನಾಲಗೆಯಾಯಿತು, ನಾಲಗೆ ಕಾಲುವೆಗಳಾಯಿತು. ಸದ್ದಿಲ್ಲ, ಅಬ್ಬರವಿಲ್ಲ. ಕೆಸರಿನ ತಗ್ಗುಗಳನ್ನೆಲ್ಲ ಹುಡುಕಿಕೊಂಡು ನೀರು ತನ್ನ ಪಾಡಿಗೆ ಬರುತ್ತಿತ್ತು. ಬಿದ್ದಿದ್ದ ದೋಣಿಗಳಲ್ಲಿ ಮೊದಲು ಒಂದು ಅಲುಗಿತು. ಆಮೇಲೆ ಇನ್ನೊಂದು. ಯಾರೂ ಕೈ ಹಚ್ಚದೆ, ಯಾರೂ ಕೂಗದೆ, ಅಷ್ಟು ದೊಡ್ಡ ದೋಣಿಗಳು ನಿದ್ದೆಯಿಂದ ಎದ್ದ ಮಕ್ಕಳ ಹಾಗೆ ಒಂದೊಂದಾಗಿ ನೆಟ್ಟಗಾದವು. "ಯಾರು ಎತ್ತಿದ್ರು ಅವನ್ನ?" ಎಂದು ಚಿಕ್ಕಮ್ಮ ಈಗಲೂ ಕೇಳುತ್ತಾರೆ. ಉತ್ತರ ಗೊತ್ತಿಲ್ಲದೆ ಅಲ್ಲ. ಚಂದ್ರನ ಸೆಳೆತ, ಭರತ, ಇಳಿತ ಎಂದೆಲ್ಲ ತಾತ ಆಮೇಲೆ ಕಾಗದದಲ್ಲಿ ಬರೆದು ವಿವರಿಸಿದ್ದರು. ತಿಳಿದ ಮೇಲೆ ಬೆರಗು ಇನ್ನೂ ಹೆಚ್ಚಾಯಿತಂತೆ.

ಹಾಯಿ ಹೊಲಿಯುವ ಶೆಡ್ಡಿನಲ್ಲಿ ಇನ್ನೊಂದು ಲೋಕ. ಕನ್ನಡಿಯಂತೆ ಹೊಳೆಯುವ ಮರದ ನೆಲ, ಅದರ ಮೇಲೆ ಹರಡಿದ ಬಿಳಿ ಬಟ್ಟೆ. ಎಲ್ಲರೂ ಚಪ್ಪಲಿ ಬಿಟ್ಟು ಕಾಲುಚೀಲದಲ್ಲೇ ಓಡಾಡಬೇಕು. ಬಟ್ಟೆ ನೆಲದ ಮೇಲೇ ಜಾರಿಕೊಂಡು ಬರಲೆಂದು ಮೆಷಿನ್ನನ್ನು ಗುಂಡಿಯೊಳಗೆ ಇಟ್ಟಿದ್ದರು. ಹೊಲಿಯುವವರು ಅದರಲ್ಲಿ ಇಳಿದು ಕೂರಬೇಕು.

"ಗುಂಡಿ ತೋಡಿ ನೆಟ್ಟಿದ್ದಾರೆ ಅನ್ನು," ಎಂದರು ಫೋನಿನಲ್ಲಿ ಅಜ್ಜಿ. "ನೀರು ಹಾಕ್ತಾರೋ ಇಲ್ವೋ?"

ಅಲ್ಲಿಯ ಯಜಮಾನಿ ಬೆಳ್ಳಿಕೂದಲಿನ ಒಬ್ಬ ಹೆಂಗಸು. ಚಿಕ್ಕಮ್ಮ ಅವರನ್ನು ಮೇಸ್ತ್ರಮ್ಮ ಎನ್ನುತ್ತಿದ್ದರು. ಮೊದಲ ವಾರವೇ ಚಿಕ್ಕಮ್ಮ ಹಾಯಿಯ ಎರಡು ಪಟ್ಟಿಗಳನ್ನು ಜೋಡಿಸಿ ಕೊಟ್ಟರು. ಅವುಗಳ ಅಂಚುಗಳು ಸ್ವಲ್ಪ ಬಾಗಿದ್ದವು. ಕತ್ತರಿಸಿದವರ ಕೈ ತಪ್ಪಿದೆಯೆಂದು ತಿಳಿದು, ಎಳೆದು ಸರಿಮಾಡಿ, ನೇರವಾಗಿ ಹೊಲಿದಿದ್ದರು. ಶಾಮಿಯಾನ ಹೊಲಿಯುವವರಿಗೆ ಬಟ್ಟೆ ಹೊಟ್ಟೆ ಬಿಡುವುದೆಂದರೆ ಮಾನ ಹೋದಂತೆ. ಮಳೆ ಬಂದರೆ ಅಲ್ಲಿ ನೀರು ನಿಂತು, ಬೀಗರ ತಲೆಯ ಮೇಲೇ ಸುರಿಯುತ್ತದೆ.

ಮೇಸ್ತ್ರಮ್ಮ ಹೊಲಿಗೆಯ ಮೇಲೆ ಬೆರಳಾಡಿಸಿ ತಲೆದೂಗಿದರು. "ತುಂಬಾ ಚೆನ್ನಾಗಿದೆ. ಆದ್ರೆ ಇದು ಹಾಯಿ ಅಲ್ಲಮ್ಮ, ಮೇಜಿನ ಮೇಲೆ ಹಾಸೋ ಬಟ್ಟೆ."

"ಯಾಕೆ? ಎಲ್ಲಾದ್ರೂ ಸುಕ್ಕಿದೆಯಾ?"

"ಸುಕ್ಕಿಲ್ಲ, ಹೊಟ್ಟೇನೂ ಇಲ್ಲ, ಅದೇ ತೊಂದ್ರೆ. ಗಾಳಿ ಬಂದ್ರೆ ಎಲ್ಲಿ ಕೂರ್ಬೇಕು?"

ಚಿಕ್ಕಮ್ಮನಿಗೆ ಅಳು ಬಂತು. ಇಷ್ಟು ವರ್ಷ ಕಲಿತದ್ದೆಲ್ಲ ಇಲ್ಲಿ ತಿರುವುಮುರುವು. ಆದರೂ ಹೊಲಿಗೆಯನ್ನೆಲ್ಲ ಬಿಚ್ಚಿದರು. ಎಳೆಯಬೇಕೆಂದು ತವಕಿಸುವ ಕೈಯನ್ನು ತಡೆದುಕೊಂಡು, ಬಾಗು ಇದ್ದ ಹಾಗೆಯೇ ಅಂಚಿಗೆ ಅಂಚು ಕೂಡಿಸಿದರು. ನೆಲದ ಮೇಲೆ ಬಟ್ಟೆ ಸಣ್ಣಗೆ ಉಬ್ಬಿ ನಿಂತಿತು. ನೋಡಲು ಅವಲಕ್ಷಣ. "ಸರಿಯೋ ತಪ್ಪೋ ದೇವರೇ ಬಲ್ಲ" ಎಂದುಕೊಂಡೇ ತಿಂಗಳುಗಟ್ಟಲೆ ಹೊಲಿದರು. ಅಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಂಡು, ಹಾಯಿಯ ಮೂಲೆಗಳಿಗೆ ಮೇಣ ಸವರಿದ ದಾರದಿಂದ ಕೈಹೊಲಿಗೆ ಹಾಕಿದರು.

ಒಂದು ದೊಡ್ಡ ಮರದ ದೋಣಿಯ ಹಾಯಿ ಮುಗಿದಾಗ ಮೇಸ್ತ್ರಮ್ಮ, "ಹೊಲಿದೋರೇ ಮೊದಲು ನೋಡ್ಬೇಕು, ಬಾ" ಎಂದು ಕರೆದರು. ಈಜು ಬಾರದ ಚಿಕ್ಕಮ್ಮ ನೆಪ ಹುಡುಕುತ್ತಿದ್ದರು. ಕೆಳಗಿನ ಮನೆಯ ತಾತ ತಮ್ಮ ಹಳೆಯ ದಪ್ಪ ಕೋಟನ್ನು ತಂದು ತೊಡಿಸಿ, "ಹೋಗದೆ ಇದ್ರೆ ಮತ್ತೆ ನಿನ್ನ ನೆಲ ಒರೆಸೋಕೆ ಬರಲ್ಲ" ಎಂದು ಹೆದರಿಸಿ ಕಳಿಸಿದರು. ಕೋಟು ಮೊಣಕಾಲು ಮುಟ್ಟುತ್ತಿತ್ತು.

ದಡ ದೂರವಾದ ಮೇಲೆ ದೋಣಿಯ ಎಂಜಿನ್ನು ನಿಲ್ಲಿಸಿದರು. ಹಗ್ಗ ಎಳೆದಂತೆ ಹಾಯಿ ಮೇಲೇರತೊಡಗಿತು. ಗಾಳಿಗೆ ಸಿಕ್ಕಿ ಫಟಫಟನೆ ಬಡಿದುಕೊಳ್ಳುತ್ತಿದ್ದ ಬಟ್ಟೆಯಲ್ಲಿ ಚಿಕ್ಕಮ್ಮನ ಕಣ್ಣು ತಮ್ಮ ಹೊಲಿಗೆಯೊಂದನ್ನೇ ಹುಡುಕುತ್ತಿತ್ತು. ಈಗ ಹರಿಯಿತು, ಇನ್ನೇನು ಹರಿಯಿತು ಎಂದು ಜೀವ ಕೈಯಲ್ಲಿ ಹಿಡಿದು ಕೂತಿದ್ದರು. ಅಷ್ಟರಲ್ಲಿ ದೋಣಿ ಸ್ವಲ್ಪ ತಿರುಗಿತು. ಒಮ್ಮೆಲೇ ಸದ್ದು ನಿಂತಿತು.

ಗಾಳಿ ಬಂದು ಕೂತಿತ್ತು.

ನೆಲದ ಮೇಲೆ ಅವಲಕ್ಷಣವಾಗಿ ಉಬ್ಬಿದ್ದ ಬಟ್ಟೆ ಈಗ ತುಂಬು ಬಸುರಿಯ ಹೊಟ್ಟೆಯಂತೆ ನುಣ್ಣಗೆ ತುಂಬಿಕೊಂಡಿತ್ತು. ಒಂದೂ ಸುಕ್ಕಿಲ್ಲ. ಬೆಳಕು ಬಟ್ಟೆಯೊಳಗಿಂದ ಇಳಿದು ಎಲ್ಲರ ಮುಖದ ಮೇಲೆ ಬಿದ್ದಿತ್ತು. ದೋಣಿ ಒಂದು ಮಗ್ಗುಲಿಗೆ ವಾಲಿ, ಯಾರೂ ನೂಕದೆ, ನೀರನ್ನು ಸೀಳಿಕೊಂಡು ಹೊರಟಿತು. ಅಷ್ಟು ಜನರನ್ನೂ, ಅಷ್ಟು ಮರವನ್ನೂ ಎಳೆಯುತ್ತಿದ್ದದ್ದು ಅವರ ದಾರ.

"ಕೈ ಮುಗಿದೆ ಕಣೇ," ಎಂದು ನನಗೆ ಹೇಳಿದರು. "ಯಾರಿಗೆ ಅಂತ ಮಾತ್ರ ಕೇಳ್ಬೇಡ, ನಂಗೂ ಗೊತ್ತಿಲ್ಲ."

ಪಕ್ಕದಲ್ಲಿದ್ದ ಮೇಸ್ತ್ರಮ್ಮನ ಕಣ್ಣೂ ಒದ್ದೆಯಾಗಿತ್ತಂತೆ. "ನಿಮಗೆ ಪ್ರತಿ ಸಲಾನೂ ಹೀಗೇ ಆಗತ್ತಾ?" ಎಂದು ಚಿಕ್ಕಮ್ಮ ಕೇಳಿದರು.

"ಪ್ರತಿ ಸಲಾನೂ."

ಅವತ್ತು ಮನೆಗೆ ಫೋನು ಬಂದಾಗ ನಾನೂ ಅಲ್ಲಿದ್ದೆ. ಚಿಕ್ಕಪ್ಪ ಕಸುಬಿನವರ ಪ್ರಶ್ನೆಯನ್ನೇ ಕೇಳಿದರು: "ಹೊಲಿಗೆ ತಡೀತಾ?" ಆ ಕಡೆಯಿಂದ ಮಾತಿಲ್ಲ. ಲೈನು ಕಟ್ಟಾಯಿತೆಂದು ಚಿಕ್ಕಪ್ಪ ಫೋನನ್ನು ಕುಲುಕಿದರು. "ಸುಮ್ನಿರೋ, ಅವಳಿದ್ದಾಳೆ," ಎಂದು ಅಜ್ಜಿ ಗದರಿ ಫೋನು ಕಸಿದುಕೊಂಡರು. ಅದನ್ನು ಬಹಳ ಹೊತ್ತು ಕಿವಿಗೆ ಹಿಡಿದು ಕೂತರು.

ಎರಡು ವರ್ಷಕ್ಕೆಂದು ಹೋದ ಚಿಕ್ಕಮ್ಮ ಇನ್ನೂ ಅಲ್ಲೇ ಇದ್ದಾರೆ. ಮನೆಗೆ ಇನ್ನೊಂದು ಕುರ್ಚಿ ಬಂದಿದೆ, ಉಳಿದ ಹಾಯಿಬಟ್ಟೆಯ ಪರದೆ ಬಂದಿದೆ, ಗೋಡೆಗೆ ಮೊಳೆಗಳೂ ಬಂದಿವೆ. ಕಳೆದ ವರ್ಷ ಚಿಕ್ಕಪ್ಪ ಹೋಗಿ ಒಂದು ತಿಂಗಳಿದ್ದು, ತಾತನ ಜೊತೆ ಚದುರಂಗವಾಡಿ ದಿನಾ ಸೋತು ಬಂದರು. ಮೊನ್ನೆ ವಿಡಿಯೋ ಕಾಲಿನಲ್ಲಿ ನಾನು, "ವಾಪಸ್ಸು ಯಾವಾಗ ಚಿಕ್ಕಮ್ಮ?" ಎಂದೆ. ಅವರು ಫೋನನ್ನು ನೆಲದ ಮೇಲೆ ಒರಗಿಸಿಟ್ಟು, ಕಾಲುಚೀಲದಲ್ಲಿ ಮೊಣಕಾಲೂರಿ, ಶೆಡ್ಡಿನ ಈ ಗೋಡೆಯಿಂದ ಆ ಗೋಡೆಯವರೆಗೆ ಹರಡಿದ್ದ ಬಿಳಿ ಬಟ್ಟೆಯ ಮೇಲೆ ಗುಂಡುಸೂಜಿ ಚುಚ್ಚುತ್ತಿದ್ದರು.

"ತಡಿ ಮರಿ, ಇಷ್ಟು ದೊಡ್ಡದು ನಾನೂ ಇದೇ ಮೊದಲು ನೋಡ್ತಿರೋದು," ಎಂದರು, ತಲೆ ಎತ್ತದೆ.