ಸುಣ್ಣ ಹೊಡೆಸಬೇಕಾದ ಹುಣಸೆಮರ

ನಮ್ಮ ಅಜ್ಜಿಯ ನಾಲ್ಕು ಹುಣಸೆಮರಗಳನ್ನು ಅವಳ ಕೈತಪ್ಪಿಸಿದವನು ನಾನೇ. ಜಗಳವಾಡಿ ಅಲ್ಲ, ಮೋಸ ಮಾಡಿಯೂ ಅಲ್ಲ, ಬರೀ ಅತಿಬುದ್ಧಿಯಿಂದ.

ಆ ಮರಗಳಿರುವುದು ತಾವರೆಕೆರೆಯ ಹತ್ತಿರ, ನಮ್ಮ ಹೊಲದ ಬದುವಿನ ಮೇಲೆ. ಹೋದ ವರ್ಷ ಅಜ್ಜಿಗೆ ಮಂಡಿನೋವು ಹೆಚ್ಚಾಗಿ, ಫಸಲನ್ನು ಶಿರಾದ ಹುಣಸೆ ವ್ಯಾಪಾರಿ ನಜೀರ್ ಸಾಬರಿಗೆ ಗುತ್ತಿಗೆ ಕೊಟ್ಟೆವು. "ಕಾಗದ ಎಲ್ಲಾ ಯಾಕಪ್ಪಾ, ಬಾಯಿಮಾತು ಸಾಲ್ದಾ?" ಎಂದರು ಸಾಬರು. ಡಿಗ್ರಿ ಮುಗಿಸಿದವನು ನಾನು, ಬಿಡುತ್ತೇನೆಯೇ? ಮೊಬೈಲಿನಲ್ಲಿ ಸಿಕ್ಕಿದ ಯಾವುದೋ ಬಾಡಿಗೆ ಕರಾರನ್ನು ಇಳಿಸಿಕೊಂಡು, 'ಕಟ್ಟಡ' ಎಂದಿದ್ದಲ್ಲೆಲ್ಲ 'ಮರ' ಎಂದು ತಿದ್ದಿ, ಅಜ್ಜಿಯ ಹೆಬ್ಬೆಟ್ಟನ್ನೂ ಸಾಬರ ಸಹಿಯನ್ನೂ ಹಾಕಿಸಿದೆ. ಅದರ ಪ್ರಕಾರ ಸಾಬರು ವರ್ಷಕ್ಕೊಮ್ಮೆ ಮರಗಳಿಗೆ ಸುಣ್ಣ ಹೊಡೆಸಬೇಕಿತ್ತು. ಮರದ ನಲ್ಲಿ ಸೋರಿದರೆ ರಿಪೇರಿ ಮಾಡಿಸಬೇಕಿತ್ತು. ನಗಬೇಡಿ, ಇನ್ನೂ ಇದೆ. ಅವಧಿ ಮುಗಿಯುವ ಒಂದು ತಿಂಗಳು ಮುಂಚೆ ಬರವಣಿಗೆಯಲ್ಲಿ 'ಬೇಡ' ಎನ್ನದಿದ್ದರೆ ಕರಾರು ತಾನಾಗಿಯೇ ಇನ್ನೊಂದು ವರ್ಷ ಮುಂದುವರಿಯತಕ್ಕದ್ದು ಎಂಬ ಸಾಲು ಕೊನೆಯಲ್ಲಿತ್ತು. 'ತಕ್ಕದ್ದು' ಎಂಬುದರ ಗತ್ತಿಗೆ ಮರುಳಾಗಿ ಹಾಗೇ ಬಿಟ್ಟಿದ್ದೆ.

ಈ ದೀಪಾವಳಿ ಕಳೆದ ಮೇಲೆ ಅಜ್ಜಿ ಹೇಳಿದಳು: "ಮಂಡಿ ವಾಸಿ ಐತೆ ಕಣ್ಲಾ. ಈ ವರ್ಸ ಮರ ನಮ್ಗೇ ಇರ್ಲಿ. ಕೊರಟಗೆರೆಯವ್ಳನ್ನೂ ಪಾವಗಡದವ್ಳನ್ನೂ ಕರುಸ್ತೀನಿ. ಇನ್ನೊಂದ್ ಸಲ ಅಕ್ಕತಂಗೇರು ಕೂತ್ಕಂಡು ಹಣ್ಣು ಬುಡುಸ್ಬೇಕು."

ಕರಾರಿನ ಅವಧಿ ಮುಗಿದೇ ಹೋಗಿತ್ತು, 'ಬೇಡ' ಎಂದು ನಾವು ಬರೆದುಕೊಟ್ಟಿರಲಿಲ್ಲ.

ಆ ಮೂವರು ಕೂತು ಹಣ್ಣು ಬಿಡಿಸುವುದನ್ನು ನೀವು ನೋಡಬೇಕಿತ್ತು. ನನ್ನ ಚಿಕ್ಕಂದಿನಲ್ಲಿ ಬೇಸಿಗೆ ಶುರುವಾಗುವುದೇ ಹಾಗೆ. ಅಂಗಳದ ತುಂಬ ಹುಣಸೆಯ ಹುಳಿವಾಸನೆ, ಟಕಟಕ ಕಲ್ಲಿನ ಸದ್ದು. ಪಾವಗಡದ ಚಿಕ್ಕಜ್ಜಿ ಬೈಯುವುದು ತೆಲುಗಿನಲ್ಲಿ, ನಗಿಸುವುದು ಕನ್ನಡದಲ್ಲಿ. ನಾನು ಹುಣಸೆಹಣ್ಣು ಕುಟ್ಟಿ ಕಡ್ಡಿಗೆ ಮೆತ್ತಿದ ಚಿಗಳಿ ಚೀಪಿ ಚೀಪಿ, ಹಲ್ಲೆಲ್ಲ ಜುಮ್ಮೆಂದು, ರಾತ್ರಿ ಮುದ್ದೆಯನ್ನು ಹಲ್ಲಿಗೆ ತಾಕಿಸದೆ ನುಂಗುತ್ತಿದ್ದೆ. ಅಕ್ಕಪಕ್ಕದ ಮರಗಳನ್ನು ಗುತ್ತಿಗೆ ಹಿಡಿದವರೂ ಬರುತ್ತಿದ್ದರು. ಆಗ ಗುತ್ತಿಗೆಯೆಂದರೆ ಆ ಸುಗ್ಗಿಗಷ್ಟೇ. ಕೊನೆಯ ಕೊಂಬೆ ಬಡಿದು, ತಲೆಯ ಟವೆಲ್ ಬಿಚ್ಚಿ ಕೊಡವಿ, "ಬತ್ತೀನಿ ಕಣಮ್ಮ" ಎಂದರೆ ಕರಾರು ಮುಗಿಯಿತು. ಮರ ಬರಿದಾದದ್ದೇ ನೋಟೀಸು.

ಅಪ್ಪನ ಗೆಳೆಯ ಶಿವಣ್ಣ ಶಿರಾದಲ್ಲಿ ಲಾಯರು. ಕರಾರು ಓದುತ್ತ ಓದುತ್ತ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಯಾರ್ಲಾ ಇದುನ್ನ ಬರ್ದ ಪುಣ್ಯಾತ್ಮ?"

"ನಾನೇ, ಮಾವ."

"ಸುಮ್ನಿದ್ದೋನು ಒಪ್ಪಿದ ಅಂತ ಕಾನೂನು ಸುಲಭುಕ್ಕೆ ಹೇಳಲ್ಲ ಕಣಪ್ಪ. ಆದ್ರೆ ಸುಮ್ನಿದ್ರೆ ಒಪ್ಪಿದಂಗೆ ಅಂತ ನೀನೇ ಬರ್ದುಬುಟ್ಟಿದೀಯಲ್ಲ! ಈಗ್ಲೇ ನೋಟೀಸ್ ಕೊಡು, ಮುಂದಿನ್ ವರ್ಸುಕ್ಕಾದ್ರೂ ಆಗ್ತದೆ. ಸಾಬ್ರು ಈ ವರ್ಸುದ್ದು ಅಡ್ವಾನ್ಸ್ ಕೊಟ್ರೆ ಈಸ್ಕಬೇಡ, ಈಸ್ಕಂಡ್ರೆ ಒಪ್ಪಿದಂಗೇ."

"ಕೋರ್ಟಿಗೆ ಹೋದ್ರೆ?"

"ಕರಾರಲ್ಲಿ ಗೊಂದಲ ಇದ್ರೆ ಅದುನ್ನ ಬರ್ದೋರಿಗೇ ಉಲ್ಟಾ ಆಗೋ ಹಂಗೆ ಅರ್ಥ ಮಾಡ್ತಾರೆ. ಮರಕ್ಕೆ ನಲ್ಲಿ ಎಲ್ಲೈತೆ ಅಂತ ಜಡ್ಜು ಕೇಳಿದ್ರೆ ಏನ್ ತೋರುಸ್ತೀಯ? ಹೋಗಿ ಸಾಬ್ರುನ್ನ ಕೇಳು. ಇಬ್ರೂ ಒಪ್ಪಿದ್ರೆ ಯಾವ ಕರಾರಾದ್ರೂ ರದ್ದಾಗ್ತದೆ. ಆ ರದ್ದುಪತ್ರ ಮಾತ್ರ ನಾನು ಬರೀತೀನಿ, ನೀನು ಪೆನ್ನು ಮುಟ್ಬೇಡ."

ಅಜ್ಜಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದೆ. ಸಾಬರು ಟೀ ತರಿಸಿದರು, ಆದರೆ ವಿಷಯ ಕೇಳಿ ಮುಖ ಚಿಕ್ಕದು ಮಾಡಿಕೊಂಡರು. "ಮರ ಬಡಿಯೋ ಆಳುಗಳಿಗೆ ಮಾತು ಕೊಟ್ಬಿಟ್ಟಿದೀನಲ್ಲಮ್ಮಾ."

"ಬಡಿಯಾಕೆ ಅವ್ರೇ ಬರ್ಲಿ ಸಾಬ್ರೇ, ಕೂಲಿ ನಂದು. ಹಣ್ಣು ಬುಡುಸಾಕೆ ನಾವ್ ಮೂರ್ ಜನ ಮುದುಕೀರು ಇದೀವಿ. ಮನೇಗಾಗಿ ಮಿಕ್ಕಿದ್ದುನ್ನ ನೀವೇ ಕೊಂಡ್ಕಳಿ."

ಸಾಬರು ಅಜ್ಜಿಯ ಮುಖ ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು. "ಆಯ್ತು ಬಿಡಿ. ನಂಗೂ ಸುಣ್ಣದ ಖರ್ಚು ಉಳೀತು."

ರದ್ದುಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಹಿಂದಿರುಗುವಾಗ ಅಜ್ಜಿ ಬೈಕಿನ ಹಿಂದಿನಿಂದ ಕೇಳಿದಳು, "ತಾನಾಗಿ ಮುಂದ್ವರಿಯಾದು ಅಂದ್ರೆ ಏನ್ಲಾ ಅದು?"

"ಬೇಡ ಅಂತ ಯಾರೂ ನೋಟೀಸ್ ಕೊಡ್ದಿದ್ರೆ ವರ್ಷ ವರ್ಷ ಅದರ ಪಾಡಿಗೆ ಅದು ನಡ್ಕೊಂಡು ಹೋಗುತ್ತೆ, ಅಜ್ಜಿ."

ಅಜ್ಜಿ ನನ್ನ ಭುಜ ಹಿಡಿದುಕೊಂಡು ಕಿಸಕ್ಕನೆ ನಕ್ಕಳು.

"ಅಂಗಾರೆ ನಂದೂ ಅದೇ ಕಣ್ಲಾ. ಯಮ ನೋಟೀಸ್ ಕೊಡಾದ್ ಮರ್ತವ್ನೆ, ನಡೀತಾ ಐತೆ. ನೀನು ಜಾಣ ಅಂದ್ಕಂಡು ಹೋಗಿ ಅವುನ್ಗೆ ನೆಪ್ಪು ಮಾಡ್ಬೇಡ."