ಹಾರ ಹೊತ್ತ ಕಾರು

ನಾನು ಚಿಕ್ಕವನಿದ್ದಾಗ ಗುಂಡ್ಲುಪೇಟೆಯಲ್ಲಿ ಅಪ್ಪ ಒಂದು ಹಳೆಯ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದ. ನಮಗಿಂತ ಅದಕ್ಕೇ ಮನೆಯಲ್ಲಿ ಮುದ್ದು ಹೆಚ್ಚು. ಆ ವರ್ಷ ಆಯುಧಪೂಜೆಗೆ ಅವ್ವ ತೋಳುಗಾತ್ರದ ಚೆಂಡುಹೂವಿನ ಹಾರ ಕಟ್ಟಿ, ಕಾರಿನ ಮೂತಿಗೆ ಬಿಗಿದು, ಸಂದಿಯಲ್ಲೆಲ್ಲ ಮಾವಿನ ಸೊಪ್ಪು ಸಿಕ್ಕಿಸಿದ್ದಳು. ಪೂಜೆಯ ಹಾರ ತಾನಾಗಿ ಉದುರಬೇಕು, ಕೈಯಾರೆ ಕೀಳಬಾರದು ಎಂಬುದು ಅವ್ವನ ಕಟ್ಟಳೆ. ಅದನ್ನು ಮೀರುವ ಧೈರ್ಯ ಅಪ್ಪನಿಗೂ ಇರಲಿಲ್ಲ.

ಹಬ್ಬ ಕಳೆದ ವಾರವೇ ಅಕ್ಕನಿಗೆ ಚಾಮರಾಜನಗರದಲ್ಲಿ ನರ್ಸ್ ತರಬೇತಿಯ ಸಂದರ್ಶನ ಬಂತು. ಮಧ್ಯಾಹ್ನದೊಳಗೆ ಹೋಗದಿದ್ದರೆ ಸೀಟು ಬೇರೆಯವರ ಪಾಲು. ಅಪ್ಪ, ಅಕ್ಕ, ನಾನು ಹೊರಟೆವು. ದಾರಿಯ ಎರಡೂ ಕಡೆ ಹುಚ್ಚೆಳ್ಳು ಹೂ ಬಿಟ್ಟು ಹೊಲವೆಲ್ಲ ಹಳದಿಯಾಗಿತ್ತು. ನಾನು ಕಿಟಕಿಗೆ ಗಲ್ಲವೂರಿ ಅರೆನಿದ್ದೆಯಲ್ಲಿದ್ದೆ. ಹಳದಿ ಹೊಲಗಳು ನಿದ್ದೆಯೊಳಗೂ ಸರಿಯುತ್ತಿದ್ದವು. ಕಾರು ನಿಂತದ್ದು ತಿಳಿಯಲಿಲ್ಲ. ಬೆಂದ ಹೂವಿನ ವಾಸನೆ ಮೂಗಿಗೆ ಬಡಿದಾಗ ಕಣ್ಣು ಬಿಟ್ಟೆ.

ಇಂಜಿನ್ನಿನಿಂದ ಬಿಳಿ ಆವಿ ಏಳುತ್ತಿತ್ತು. ಅಪ್ಪ ಆಗಲೇ ಕಾರನ್ನು ರಸ್ತೆಯ ಅಂಚಿಗೆ ತಂದು ಆಫ್ ಮಾಡಿದ್ದ. ನಮ್ಮನ್ನು ಇಳಿಸಿ ದೂರ ನಿಲ್ಲಿಸಿದ. ಆವಿ ತಗ್ಗಿದ ಮೇಲೆ ಬಾನೆಟ್ ಎತ್ತಿದ. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಏರುತ್ತಿದ್ದ ಬಿಸಿಲು ನೋಡಿದ, ಅಕ್ಕನ ಮುಖ ನೋಡಿದ, ಟವಲನ್ನು ಕೈಗೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿಯೇಬಿಟ್ಟ. ಆತುರಗಾರನಿಗೆ ಬುದ್ಧಿ ಮಟ್ಟ.

ಅಕ್ಕ ಓಡಿಬಂದು ಅವನ ತೋಳು ಹಿಡಿದಳು. "ಬ್ಯಾಡ ಕಣಪ್ಪ. ಒಳ್ಗೆ ನೀರು ಕುದೀತಾ ಅದೆ. ಮೋರೆಗೇ ಎರಚ್ಬುಡ್ತದೆ."

"ಒತ್ತಾಯ್ತದಲ್ಲ ಕಣಮ್ಮಿ. ನಿನ್ ಸೀಟು ಓಯ್ತದೆ."

"ಓದ್ರೆ ಓಗ್ಲಿ ಬುಡು. ಸೀಟು ಮುಂದಿನ್ ವರ್ಸ ಸಿಕ್ತದೆ. ನಿನ್ ಕಣ್ಣು ಸಿಕ್ತದಾ?"

ಅಪ್ಪ ಟವಲ್ ಹಾಸಿ ಬೇವಿನ ನೆರಳಿನಲ್ಲಿ ಕುಳಿತುಬಿಟ್ಟ. ಎಷ್ಟು ಹೊತ್ತು ಹಾಗಿದ್ದೆವೋ. ಜೇನುಹುಳುಗಳ ಗುಂಯ್ಗುಟ್ಟುವಿಕೆ, ತಣಿಯುತ್ತಿರುವ ಕಬ್ಬಿಣದ ಟಿಕ್ ಟಿಕ್, ಅಕ್ಕನ ಮಡಿಲು. ನನಗೆ ಅದು ಮುಗಿಯಲೇಬಾರದು ಎನಿಸಿತ್ತು. ಅಪ್ಪ ಎದ್ದು ಕಾರಿನ ಮುಂದೆ ಬಗ್ಗಿ ನೋಡಿದಾಗ ಹಾರ, ಸೊಪ್ಪು ಎಲ್ಲ ಬೆಂದು ಜಾಲರಿಗೆ ಅಂಟಿಕೊಂಡಿದ್ದವು. "ಗಾಳಿ ಓಗಾಕೆ ಜಾಗ್ವೇ ಇಲ್ವಲ್ಲಾ," ಎಂದು ನಕ್ಕ. ಕೈಮುಗಿದು ಹಾರ ಬಿಡಿಸಿದ. ಮುಟ್ಟಿದರೆ ಮುಚ್ಚಳ ತಣ್ಣಗಿತ್ತು. ಮೆಲ್ಲಗೆ ತಿರುಗಿಸಿ ತೆಗೆದು, ಡಿಕ್ಕಿಯಲ್ಲಿದ್ದ ಕ್ಯಾನಿನ ನೀರನ್ನು ಸ್ವಲ್ಪ ಸ್ವಲ್ಪವೇ ಹುಯ್ದ.

ನಾವು ತಲುಪುವಷ್ಟರಲ್ಲಿ ಸೀಟು ಹೋಗಿತ್ತು. ವಾಪಸು ಬರುವಾಗ ಅಕ್ಕ ಕನ್ನಡಿಯಲ್ಲಿ ಅಪ್ಪನ ಸುಡದೆ ಉಳಿದ ಮುಖವನ್ನೇ ನೋಡುತ್ತಿದ್ದಳು. ಅಕ್ಕ ಮರುವರ್ಷ ನರ್ಸ್ ತರಬೇತಿಗೆ ಸೇರಿದಳು.

ಮೊಮ್ಮಕ್ಕಳೇ, ನಿಮ್ಮ ಕಾರು ಬಿಸಿಯೇರಿದರೆ ತಾನೇ ಕೆಂಪು ದೀಪ ಹಚ್ಚಿ ಹೇಳುತ್ತದೆ. ನಮ್ಮ ಕಾರಿಗೆ ಅಂಥದ್ದೇನೂ ಇರಲಿಲ್ಲ, ಅಕ್ಕ ಇದ್ದಳು. ಆದರೆ ದೀಪ ಹತ್ತಿದರೂ "ಇನ್ನೇನು ಬಂತು" ಎನ್ನುತ್ತ ನಿಮ್ಮಪ್ಪ ಓಡಿಸುತ್ತಲೇ ಇರುವುದನ್ನು ನಾನು ಕಂಡಿದ್ದೇನೆ. ಆಗ ಹಿಂದಿನ ಸೀಟಿನಿಂದ ನೀವೇ ಹೇಳಬೇಕು: ನಿಲ್ಲಿಸಪ್ಪ, ಹೊತ್ತಾದರೆ ಆಗಲಿ.