ಎಡಗೈ ಕೇಳಿಸುವ ಪೆಟ್ಟಿಗೆ

ನನ್ನ ಭಾವನ ಎಡಗೈ ಬಿದ್ದುಹೋದದ್ದು ನನ್ನ ಅಕ್ಕನಿಂದ ಎಂಬುದು ನಮ್ಮ ನೆಂಟರಿಷ್ಟರಲ್ಲಿ ಗೊತ್ತಿಲ್ಲದವರಿಲ್ಲ. ಭಾವನೇ ಎಲ್ಲರಿಗೂ ಹೇಳಿದ್ದರು. ಬೆಳಿಗ್ಗೆ ಅಟ್ಟದ ಮೇಲಿನ ಅಕ್ಕಿ ಮೂಟೆ ಇಳಿಸಿಕೊಡಿ ಎಂದು ಅವಳು ಹಟ ಹಿಡಿದಳಂತೆ, ಇವರು ಇಳಿಸಿದರಂತೆ, ಮಧ್ಯಾಹ್ನದ ಹೊತ್ತಿಗೆ ಲಕ್ವ ಹೊಡೆಯಿತಂತೆ. ಡಾಕ್ಟರು ಬಿಪಿ ಎಂದರು, ಮಾತ್ರೆ ಸರಿಯಾಗಿ ತೆಗೆದುಕೊಂಡಿಲ್ಲ ಎಂದರು. ಅದು ಯಾವುದೂ ಭಾವನ ಕಿವಿಗೆ ಹೋಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗಾಯಿತು ಅಕ್ಕನ ಪಾಡು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಲಕ್ವ ಹೊಡೆದ ಮನುಷ್ಯನ ಮೇಲೆ ರೇಗುವುದು ಹೇಗೆ?

ಭಾವನಿಗೆ ತಿ. ನರಸೀಪುರದಲ್ಲಿ ಗೊಬ್ಬರದ ಅಂಗಡಿ. ಅಂಗಡಿ ಹೊಟ್ಟೆಪಾಡಿಗೆ, ಜೀವವೆಲ್ಲ ಮೃದಂಗದಲ್ಲಿ. ಅವರ ಬಲಗೈ ಸುಮಾರು, ಎಡಗೈ ಅಪರೂಪದ್ದು ಎಂದು ಬಲ್ಲವರು ಹೇಳುತ್ತಿದ್ದರು. ಮೃದಂಗದ ಎಡಗಡೆಗೆ, ಅಂದರೆ ತೊಪ್ಪಿಗೆ, ಕಚೇರಿಗೆ ಮುಂಚೆ ಒದ್ದೆ ರವೆಯ ಮುದ್ದೆ ಮೆತ್ತುತ್ತಾರೆ. ಆ ರವೆಯ ಹದದಿಂದಲೇ ತಗ್ಗಿನ ನಾದ, ಗುಂ ಎನ್ನುವುದು. ರವೆ ಕಲಸಿ ಪುಟ್ಟ ಡಬ್ಬಿಯಲ್ಲಿ ಹಾಕಿಕೊಡುವುದು ಮೊದಲಿನಿಂದ ಅಕ್ಕನ ಕೆಲಸ.

ಲಕ್ವ ಹೊಡೆಯುವ ಹಿಂದಿನ ವಾರ ನಂಜನಗೂಡಿನಲ್ಲಿ ಭಾವ ಒಂದು ಕಚೇರಿಗೆ ನುಡಿಸಿದ್ದರು. ನಾನೇ ಮೃದಂಗದ ಎರಡು ಕಡೆಗೂ ಮೈಕಿಟ್ಟು ರೆಕಾರ್ಡ್ ಮಾಡಿದ್ದೆ. ಕಾಯಿಲೆ ಬಿದ್ದ ಮೇಲೆ ಆ ರೆಕಾರ್ಡೇ ಅವರ ಸಾಕ್ಷಿಯಾಯಿತು. ಆ ವಾರದ ತನಕ ಕೈ ಹೇಗಿತ್ತು ಕೇಳಿ ಎಂದು ಬಂದವರ ಮುಂದೆ ಫೋನ್ ಹಿಡಿಯುತ್ತಿದ್ದರು. ಫೋನಿನಲ್ಲಿ ಎಡಗೈ ಎಲ್ಲಿ ಕೇಳಬೇಕು? ಬಲಗೈಯ ಟಕಟಕ ಮಾತ್ರ. ಅದಕ್ಕೆಂದು ತಗ್ಗಿನ ನಾದದ ಸಬ್‌ವೂಫರ್ ಇದ್ದ ಒಂದು ಸೆಟ್ ತಂದರು. ಆ ಗುಮ್ಮನಂಥ ಡಬ್ಬ ಶುರುವಾದರೆ ಕಿಟಕಿ ಗಾಜು ನಡುಗುತ್ತಿತ್ತು, ಅಡುಗೆಮನೆಯ ಸ್ಟೀಲ್ ಲೋಟ ನಡುಗುತ್ತಿತ್ತು, ಎಡಗೈಯ ಪೆಟ್ಟುಗಳೆಲ್ಲ ಒಂದರ ಮೇಲೊಂದು ಬಿದ್ದು ಗಂಜಿಯಾಗುತ್ತಿದ್ದವು. ಕೊನೆಗೆ ಭಾವ ನನಗೆ ಫೋನ್ ಮಾಡಿದರು. ನೀನು ಮಾಡ್ತೀಯಲ್ಲ, ಆ ಮರದ ಪೆಟ್ಟಿಗೆ, ಅದನ್ನು ತಂದು ನನ್ನ ಕೈ ನನಗೆ ಕೇಳಿಸು ಎಂದರು.

ನಾನು ತಾಂಡ್ಯದ ಕಾರ್ಖಾನೆಯೊಂದರಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುವವನು. ಬಿಡುವಿನಲ್ಲಿ ಹಾರ್ನ್ ಸ್ಪೀಕರ್ ಮಾಡುತ್ತೇನೆ. ಹಾಗೆಂದರೆ ಜನ ಮದುವೆಮನೆಯ ಮುಂದೆ ತೆಂಗಿನಮರಕ್ಕೆ ಕಟ್ಟುವ ಅಲ್ಯೂಮಿನಿಯಂ ಹೂವು ಎಂದುಕೊಳ್ಳುತ್ತಾರೆ. ಅದರಲ್ಲಿ ಬೇಸ್, ಅಂದರೆ ತಗ್ಗಿನ ನಾದ, ಎಲ್ಲಿದೆ, ಬರೀ ಕಿರುಚಾಟ. ನನ್ನದು ಎದೆಯೆತ್ತರದ ಪ್ಲೈವುಡ್ ಪೆಟ್ಟಿಗೆ. ಒಂದೇ ಒಂದು ಸ್ಪೀಕರ್ ಕೋನ್. ಅದರ ಮುಂಭಾಗ ನೇರ ಕೋಣೆಗೆ ಹಾಡುತ್ತದೆ. ಬೆನ್ನಿನ ಉಸಿರು ಪೆಟ್ಟಿಗೆಯೊಳಗೆ ಸುತ್ತಿ ಸುತ್ತಿ, ಬರಬರುತ್ತ ಅಗಲವಾಗುವ ಮರದ ಓಣಿಯಲ್ಲಿ ಸಾಗಿ, ಕೆಳಗಿನ ದೊಡ್ಡ ಬಾಯಿಂದ ಬೇಸ್ ಆಗಿ ಹೊರಬರುತ್ತದೆ. ಆ ಬೇಸ್ ಎದೆಗೆ ಗುದ್ದುವುದಿಲ್ಲ. ತೀರಾ ಆಳಕ್ಕೂ ಇಳಿಯುವುದಿಲ್ಲ, ಒಪ್ಪುತ್ತೇನೆ. ಆದರೆ ಇಳಿದಷ್ಟೂ ಸ್ಪಷ್ಟ. ಒಂದು ಪೆಟ್ಟು ಇನ್ನೊಂದರ ಮೇಲೆ ಚೆಲ್ಲುವುದಿಲ್ಲ. ಒಂದೇ ಊನವೆಂದರೆ, ಓಣಿ ಆಳುದ್ದಕ್ಕಿಂತ ಉದ್ದವಾದ್ದರಿಂದ ತಗ್ಗಿನ ನಾದ ಕೂದಲೆಳೆಯಷ್ಟು ತಡವಾಗಿ ಬರುತ್ತದೆ. ಅದು ಕಿವಿಗೆ ಗೊತ್ತಾಗುತ್ತದೆ, ಇಲ್ಲ ಎಂದು ಈ ಹುಚ್ಚಿನವರು ಜಗಳವಾಡುತ್ತಾರೆ. ನಾನು ಎದುರಿಗಿರುವವನನ್ನು ನೋಡಿಕೊಂಡು ಎರಡೂ ಕಡೆಯಿಂದ ಜಗಳವಾಡುತ್ತೇನೆ.

ಒಂದು ಭಾನುವಾರ ಬೆಳಿಗ್ಗೆ ಲಗೇಜ್ ಆಟೋದಲ್ಲಿ ಎರಡು ಪೆಟ್ಟಿಗೆ ಹೇರಿಕೊಂಡು ನರಸೀಪುರಕ್ಕೆ ಹೋದೆ. ಅವನ್ನು ಒಳಗಿಟ್ಟು ನೀರು ಕುಡಿಯಲು ಅಡುಗೆಮನೆಗೆ ಹೋದರೆ ಅಕ್ಕ ಬೆನ್ನು ತಿರುಗಿಸಿ ನಿಂತಿದ್ದಳು. ಕಾಫಿ ಪುಡಿಯ ಡಬ್ಬಿ ತೆಗೆದಳು, ಮುಚ್ಚಿದಳು, ಮತ್ತೆ ತೆಗೆದಳು.

"ಅದು ಚೆಂದಾಗಿ ಕೇಳಿಸ್ಬುಟ್ರೆ ಮುಗೀತು ಕಣೋ," ಎಂದಳು ಮೆಲ್ಲಗೆ. "ಆವತ್ತು ಕೈ ಚೆಂದಾಗಿತ್ತು, ಇವಳೇ ಕಳುದ್ಲು ಅಂತ ನಾನ್ ಸಾಯೋಗಂಟ ಅಂತಾರೆ. ವಸಿ ಕೆಡಿಸೋಕಾಗಲ್ವಾ?"

ಪ್ಲೈವುಡ್ ಕೊಯ್ಯುವಾಗ, ಅಂಟು ಹಾಕುವಾಗ ಭಾವನ ಸಂತೋಷ ಒಂದೇ ನನ್ನ ಕಣ್ಣಮುಂದಿತ್ತು. ಆ ಸಂತೋಷ ಅಕ್ಕನ ತಲೆಗೆ ಬರುತ್ತದೆಂದು ಹೊಳೆದೇ ಇರಲಿಲ್ಲ. ಕೆಡಿಸುವುದು ಸುಲಭವಿತ್ತು. ಹಾರ್ನಿಗೆ ಕೋಣೆಯ ಮೂಲೆ ಬೇಕು, ಎರಡು ಗೋಡೆ ಸೇರಿ ಅದರ ಬಾಯಿಯನ್ನು ಇನ್ನಷ್ಟು ದೊಡ್ಡದು ಮಾಡುತ್ತವೆ. ಮೂಲೆ ಬಿಟ್ಟು ನಡುಮನೆಯ ಮಧ್ಯಕ್ಕೆ ಎಳೆದರೆ ಬೇಸ್ ಅರ್ಧಕ್ಕರ್ಧ ಸೋರಿಹೋಗುತ್ತದೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಾಯಿತು ನನ್ನ ಸ್ಥಿತಿ. ನಡುಮನೆಗೆ ಬಂದು, ಕೈ ಹೇಳಿದಂತೆ ಕೇಳಿ, ಎರಡನ್ನೂ ಮೂಲೆಗೇ ನೂಕಿದೆ. ಕೆಲಸ ಗೊತ್ತಿದ್ದೂ ಕೆಟ್ಟದಾಗಿ ಮಾಡುವುದು ನನ್ನಿಂದ ಆಗುವುದಿಲ್ಲ.

ಭಾವ ಬೆತ್ತದ ಕುರ್ಚಿಯಲ್ಲಿ ಕುಳಿತರು. ಎಡಗೈ ಮಡಿಲಲ್ಲಿತ್ತು. ಕಚೇರಿಯ ಕೊನೆಯ ಭಾಗ, ಹಾಡುವವರು ನಿಲ್ಲಿಸಿ ಮೃದಂಗವೊಂದೇ ನುಡಿಯುವ ತನಿ ಹಾಕಿದೆ. ಮೊದಲು ಬಲಗೈ, ಆಮೇಲೆ ಎಡಗಡೆಯಿಂದ ಗುಂ. ಗಾಜು ನಡುಗಲಿಲ್ಲ, ಲೋಟ ನಡುಗಲಿಲ್ಲ. ಚರ್ಮದ ಮೇಲೆ ಅಂಗೈ ಒತ್ತಿ ಜಾರಿಸುವುದೂ ಕೇಳಿತು. ಭಾವನ ಕಣ್ಣು ತುಂಬಿ ಬಂತು. ಬಲಗೈಯಿಂದ ತೊಡೆಯ ಮೇಲೆ ತಾಳ ಹಾಕುತ್ತ ಅಡುಗೆಮನೆಯ ಕಡೆ ನೋಡಿದರು. ನೋಡು, ಇದನ್ನು ನೀನು ಹಾಳು ಮಾಡಿದೆ ಎನ್ನುವ ನೋಟ. ಅಕ್ಕ ಬಾಗಿಲಲ್ಲಿ ನಿಂತಿದ್ದವಳು ತಲೆ ತಗ್ಗಿಸಿದಳು. ಪೆಟ್ಟಿಗೆ ಒಡೆದುಹಾಕಬೇಕು ಎನ್ನಿಸಿತು ನನಗೆ.

ನುಡಿತ ವೇಗಕ್ಕೆ ಏರಿತು. ತೊಡೆಯ ಮೇಲಿನ ತಾಳ ನಿಂತಿತು. ಭಾವ ಮತ್ತೆ ಹಾಕು ಎಂದರು. ಹಾಕಿದೆ. ಇನ್ನೊಮ್ಮೆ ಎಂದರು. ಈಗ ನನಗೂ ಗೊತ್ತಾಯಿತು. ವೇಗದಲ್ಲಿ ಬಲಗೈ ತನ್ನ ಜಾಗಕ್ಕೆ ಬೀಳುತ್ತಿತ್ತು, ಎಡಗೈ ಒಂದು ಕೂದಲು ಹಿಂದೆ. ಮುಂದಿನ ಸುತ್ತಿನಲ್ಲಿ ಇನ್ನೂ ಹಿಂದೆ.

"ರವೆ ಒಣಗಿತ್ತು," ಎಂದರು ಭಾವ. "ಇವಳು ಕಲಸಿದ್ದೇ ಸರಿಯಿಲ್ಲ. ರವೆ ಒಣಗುದ್ರೆ ಕೈ ಏನ್ ಮಾಡೀತು?"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದೆ, ಆದರೆ ಸಿಟ್ಟು ನುಂಗಲಾಗಲಿಲ್ಲ. ರವೆ ಸರಿಯಾಗಿಯೇ ಇದೆ ಭಾವ, ನಾದ ಎಷ್ಟು ದುಂಡಗಿದೆ ಕೇಳಿ, ಒಣಗಿದ್ದರೆ ಡಬಡಬ ಅನ್ನುತ್ತಿತ್ತು, ಪೆಟ್ಟು ತಡವಾಗಿದೆ ಅಷ್ಟೇ ಎಂದುಬಿಟ್ಟೆ. ಅಂದ ಮೇಲೆ ಅವರ ಮುಖ ನೋಡಿದೆ. ತನ್ನ ಕೈಯ ಬಗ್ಗೆ ಅಂಥ ಮಾತನ್ನು ಅವರು ಜನ್ಮದಲ್ಲಿ ಕೇಳಿರಲಿಲ್ಲ. ನನಗೆ ಭಯವಾಯಿತು. ಬಿಪಿ ಇರುವ ಮನುಷ್ಯ. ತಕ್ಷಣ ತಪ್ಪು ನನ್ನ ಪೆಟ್ಟಿಗೆಯದು ಎಂದೆ. ಓಣಿ ಉದ್ದ, ಅದಕ್ಕೇ ಬೇಸ್ ತಡ, ಈ ಜಾತಿ ಸ್ಪೀಕರಿನ ಹಣೆಬರಹವೇ ಅಷ್ಟು ಎಂದು ಬಡಬಡಿಸಿದೆ. ಬಾಗಿಲಲ್ಲಿದ್ದ ಅಕ್ಕ ನನ್ನನ್ನೇ ನೋಡಿದಳು. ಅವಳಿಗೆ ಸಿಕ್ಕಿದ್ದನ್ನು ನಾನೇ ಕಿತ್ತುಕೊಳ್ಳುತ್ತಿದ್ದೆ.

ಭಾವ ಒಪ್ಪಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಒಪ್ಪಿಕೊಳ್ಳುತ್ತಾರೆ ಎಂದೇ ಕಾದೆ. ಅವರು ಮೊದಲಿಂದ ಹಾಕು ಎಂದರು. ನಿಧಾನದ ಭಾಗವನ್ನು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ವೇಗದ ಭಾಗ ಬಂತು. ಬಲಗೈ ಎತ್ತಿ ಸಾಕು ಎಂದರು.

"ಪೆಟ್ಟಿಗೆ ತಡ ಮಾಡೋದಾದ್ರೆ ಮೊದಲಿಂದ್ಲೂ ಮಾಡ್ಬೇಕಲ್ವೇನೋ? ಮೊದಲು ಸರಿಯಾಗೇ ಅದೆ. ಆಮೇಲೆ ಎಡಗೈ ಇಂದಿಂದೆ ಬತ್ತಾ ಅದೆ." ಅಕ್ಕನ ಕಡೆ ತಿರುಗಿದರು. "ಮೂಟೆ ಅಲ್ಲ ಕಣೆ. ಆವಾಗ್ಲೇ ಓಯ್ತಾ ಇತ್ತು ಕೈ."

ಅಕ್ಕ ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು ಕೇಳಿದಳು.

"ನಂಗೇಳಿದ್ರೆ ಏನ್ ಬಂತು? ಯಾರ್ಯಾರ್ಗೆ ಏಳಿದ್ರೋ ಅವ್ರಿಗೆ ಏಳಿ."

ಭಾವ ತಲೆಯೆತ್ತಲಿಲ್ಲ. ಬಲಗೈಯಲ್ಲಿ ಫೋನ್ ತೆಗೆದು, ಹೆಬ್ಬೆರಳಿನಿಂದ ಹುಡುಕಿ, ಬಿಳಿಗೆರೆಯಲ್ಲಿರುವ ತಮ್ಮ ಒಡಹುಟ್ಟಿದ ಅಕ್ಕನ ನಂಬರ್ ಒತ್ತಿದರು. ಆ ಕಡೆಯವರು ಫೋನ್ ಎತ್ತುವವರೆಗೂ ನನ್ನ ಅಕ್ಕ ಬಾಗಿಲು ಬಿಟ್ಟು ಕದಲಲಿಲ್ಲ.